ಹಾಳೂರಿಗೆ ಉಳಿದವನೇ ಗೌಡ

“ಹಾಳೂರಿಗೆ ಉಳಿದವನೇ ಗೌಡ” ಎಂಬ ಗಾದೆಯನ್ನು ನಮ್ಮ ಬಾಗಲಕೋಟೆಯ ಕಡೆಯ ಹಿರಿಯರು ಹೊಗಳಿಕೆಗೆಂದು ಆಡುವುದಿಲ್ಲ. ಊರಿಗೆ ಊರೇ ಬರಿದಾದ ಮೇಲೆ ಉಳಿದೊಬ್ಬನು ಮೀಸೆ ತಿರುವುತ್ತ ಕಟ್ಟೆಯ ಮೇಲೆ ಕುಳಿತರೆ, ಅವನನ್ನು ನೋಡಿ ನಗುವುದಕ್ಕಾಗಿ ಇರುವ ಮಾತು ಅದು. ಕಳೆದ ಬೇಸಿಗೆಯ ರಜೆಯಲ್ಲಿ ಸಾಸವಡದ ನಮ್ಮ ಮನೆಯಲ್ಲಿ ಈ ಗಾದೆ ನಮಗೆ ಪದೇ ಪದೇ ನೆನಪಾಯಿತು. ಅದಕ್ಕೆ ಕಾರಣ ನಮ್ಮ ಮಗ ಕಂಪ್ಯೂಟರಿನ ಮುಂದೆ ಕುಳಿತು ಹಗಲಿರುಳೆನ್ನದೆ ಆಡುತ್ತಿದ್ದ ಒಂದು ಆಟ.

ಈ ಪುಟಗಳಲ್ಲಿ ಕಾದಂಬರಿಯ ವಿಮರ್ಶೆ, ನಾಟಕದ ವಿಮರ್ಶೆ, ಆಗೀಗ ಚಲನಚಿತ್ರದ ವಿಮರ್ಶೆ ಬರುವುದುಂಟು. ವಿಡಿಯೋ ಗೇಮಿನ ವಿಮರ್ಶೆಯೆಂದರೆ ಸಂಘದ ಹಿರಿಯ ಸದಸ್ಯರು ಹುಬ್ಬೇರಿಸಬಹುದು. ಅವರ ಕ್ಷಮೆ ಕೋರಿಯೇ ಮುಂದುವರಿಯುತ್ತೇವೆ. ನಮ್ಮ ಮಕ್ಕಳು ಕನ್ನಡ ಕಾದಂಬರಿ ಓದುತ್ತಿಲ್ಲವೆಂದು ಪ್ರತಿವರ್ಷ ರಾಜ್ಯೋತ್ಸವದ ವೇದಿಕೆಯಲ್ಲಿ ಮರುಗುವ ನಾವು, ಅವರು ಏನನ್ನು ನೋಡುತ್ತಿದ್ದಾರೆಂದು ಒಮ್ಮೆಯಾದರೂ ಪಕ್ಕದಲ್ಲಿ ಕುಳಿತು ನೋಡಿದ್ದೇವೆಯೇ? ನಾವಂತೂ ನೋಡಿರಲಿಲ್ಲ. ವಿಜ್ಞಾನದ ಪದವಿ ಪಡೆದು ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತ, ದಿನಕ್ಕೊಮ್ಮೆ ಬಸ್ಸಿನಲ್ಲಿ ದಿವೇ ಘಾಟನ್ನು ಇಳಿದು ಹತ್ತುವ ನಮಗೆ ಮಗನನ್ನು ಬೈಯುವುದಕ್ಕೆ ಸಮಯವಿತ್ತೇ ಹೊರತು ಅವನ ಬದಿಗೆ ಕೂಡುವುದಕ್ಕೆ ಇರಲಿಲ್ಲ. ಒಂದು ಭಾನುವಾರ ಅವನೇ, “ಅಪ್ಪಾ, ಒಮ್ಮೆ ಕೂತು ನೋಡ್ರಿ. ಆಮ್ಯಾಲೆ ಬೇಕಾದಷ್ಟು ಬೈರಿ” ಎಂದ. ಕುಳಿತೆವು. ಆ ಮೇಲೆ ಎರಡು ತಿಂಗಳ ಭಾನುವಾರಗಳು ಹೇಗೆ ಕಳೆದವೋ ತಿಳಿಯಲಿಲ್ಲ.

ಆಟದ ಹೆಸರು ‘ಫಾಲ್‌ಔಟ್ 3’. ಈ ಮಾಲಿಕೆಯ ಮೊದಲ ಆಟವನ್ನು ಅಮೆರಿಕದ ಇಂಟರ್‌ಪ್ಲೇ ಎಂಬ ಕಂಪನಿ 1997ರಲ್ಲಿ ಹೊರತಂದಿತು. ಮೂರನೆಯದನ್ನು ತಯಾರಿಸಿದವರು ಬೆಥೆಸ್ಡಾ ಎಂಬ ಬೇರೆ ಕಂಪನಿಯವರು. ಅದು ಬಂದದ್ದು 2008ರ ಅಕ್ಟೋಬರಿನಲ್ಲಿ. ಹಳೆಯ ಆಟವೇ ಸರಿ. 2024ರಲ್ಲಿ ಇದೇ ಕಲ್ಪನೆಯ ಮೇಲೆ ಟಿ.ವಿ. ಧಾರಾವಾಹಿಯೊಂದು ಬಂದ ಮೇಲೆ ಹುಡುಗರು ಮತ್ತೆ ಹಳೆಯದನ್ನು ಹುಡುಕಿಕೊಂಡು ಹೋದರು. ನಮ್ಮವನೂ ಹಾಗೆಯೇ ಹೋದವನು.

ಕಥೆಯನ್ನು ಸಂಕ್ಷೇಪವಾಗಿ ಹೇಳಬೇಕೆಂದರೆ ಹೀಗಿದೆ. 2077ನೆಯ ಇಸವಿಯಲ್ಲಿ ಅಣುಯುದ್ಧವಾಗಿ ಎರಡು ಗಂಟೆಗಳಲ್ಲಿ ಜಗತ್ತು ಸುಟ್ಟುಹೋಗಿದೆ. ಕೆಲವರು ಮಾತ್ರ ನೆಲದಡಿಯ ಭದ್ರ ಕೋಠಿಗಳಲ್ಲಿ ಉಳಿದುಕೊಂಡಿದ್ದಾರೆ. ಇನ್ನೂರು ವರ್ಷಗಳ ಮೇಲೆ ಅಂಥ ಒಂದು ಕೋಠಿಯಲ್ಲಿ ಬೆಳೆದ ಹತ್ತೊಂಬತ್ತರ ಪ್ರಾಯದ ಮಗು, ಅಂದರೆ ಆಟಗಾರ, ಒಂದು ಬೆಳಿಗ್ಗೆ ಎದ್ದಾಗ ತಂದೆ ಹೇಳದೆ ಕೇಳದೆ ಹೊರಟುಹೋಗಿರುತ್ತಾನೆ. ತಂದೆಯನ್ನು ಹುಡುಕುತ್ತ ಮಗುವೂ ಹೊರಬೀಳುತ್ತದೆ. ಹೊರಗಿರುವುದು ಹಾಳಾದ ವಾಷಿಂಗ್ಟನ್ ನಗರ. ತಯಾರಕರ ಕಚೇರಿ ಆ ನಗರಕ್ಕೆ ಸಮೀಪದ ರಾಕ್‌ವಿಲ್‌ನಲ್ಲಿದೆ. ಅಂದರೆ ಅವರು ಕೆಡವಿದ್ದು ಪರರ ಊರನ್ನಲ್ಲ, ತಾವು ದಿನವೂ ಓಡಾಡುವ ಬೀದಿಗಳನ್ನು. ಈ ಒಂದು ವಿಷಯವೇ ನಮಗೆ ಆಟದ ಮೇಲೆ ಸ್ವಲ್ಪ ಗೌರವ ಹುಟ್ಟಿಸಿತು.

ಕೋಠಿಯ ಬಾಗಿಲು ತೆರೆದು ಹೊರಬರುವ ಕ್ಷಣ ಬಹಳ ಚೆನ್ನಾಗಿದೆ. ಜನ್ಮದಲ್ಲಿ ಸೂರ್ಯನನ್ನು ಕಾಣದ ಕಣ್ಣಿಗೆ ಒಮ್ಮೆಲೇ ಬಿಳಿ ಬೆಳಕು ಹೊಡೆಯುತ್ತದೆ. ನಿಧಾನವಾಗಿ ಕಣ್ಣು ಹೊಂದಿಕೊಂಡಂತೆ ದಿಗಂತದವರೆಗೆ ಹಬ್ಬಿದ ಬೋಳು ಗುಡ್ಡಗಳು, ಮುರಿದ ರಸ್ತೆಗಳು, ಒಣಗಿ ನಿಂತ ಮರಗಳು ಕಾಣುತ್ತವೆ. ಇತ್ತ ಹೋಗು, ಅತ್ತ ಹೋಗಬೇಡ ಎನ್ನುವವರಿಲ್ಲ. ತಂದೆಯನ್ನು ಹುಡುಕುವುದು ಮುಖ್ಯ ಕಥೆಯೆಂದು ಹೆಸರಿಗಿದ್ದರೂ, ಆಟಗಾರನು ಅದನ್ನು ಬದಿಗಿಟ್ಟು ತಿಂಗಳುಗಟ್ಟಲೆ ತನ್ನ ಮನಸ್ಸಿನಂತೆ ತಿರುಗಬಹುದು. ಮೇಜಿನಿಂದ ಮೇಜಿಗೆ ಫೈಲು ಸಾಗಿಸುತ್ತ, ಒಂದು ದಿನದ ರಜೆಗೂ ಮೂರು ಸಹಿ ಬೇಡುವ ನಮ್ಮಂಥವರಿಗೆ ಈ ಸ್ವಾತಂತ್ರ್ಯದ ರುಚಿಯನ್ನು ಬೇರೆ ವಿವರಿಸಬೇಕಾಗಿಲ್ಲ. ಪರೀಕ್ಷೆ, ಕ್ಲಾಸು, ಮತ್ತೆ ಪರೀಕ್ಷೆ ಎಂದು ಓಡುವ ಹುಡುಗರಿಗಂತೂ ಕೇಳುವುದೇ ಬೇಡ.

ಹಾಗಾದರೆ ಆಕರ್ಷಣೆ ಇಷ್ಟೇ ಎನ್ನೋಣವೇ? ತಿರುಗಾಡುವುದಕ್ಕೆ ಹಸಿರು ಕಾಡೋ ಚೆಂದದ ಪಟ್ಟಣವೋ ಸಾಲದೆ, ಹಾಳೂರೇ ಏಕೆ ಬೇಕು? ಉತ್ತರ ನಮಗೆ ನಮ್ಮ ಸಾಸವಡದಲ್ಲೇ ಸಿಕ್ಕಿತು. ಇಲ್ಲಿ ಪುರಂದರೆ ಮನೆತನದ ಹಳೆಯ ವಾಡೆಯಿದೆ. ಕೋಟೆಯಂಥ ಗೋಡೆಗಳು ನಿಂತಿವೆ, ಒಳಗೆ ಹಾಳು. ನಮ್ಮ ಮಗ ಚಿಕ್ಕವನಿದ್ದಾಗ ಎರಡೂ ಕಡೆ ಕರೆದುಕೊಂಡು ಹೋಗಿದ್ದೆವು: ಕಾರಂಜಿಯಿರುವ ಉದ್ಯಾನಕ್ಕೂ, ಈ ವಾಡೆಗೂ. ಉದ್ಯಾನದಲ್ಲಿ ಅರ್ಧ ಗಂಟೆಗೆ ಬೇಸರಪಟ್ಟವನು ವಾಡೆಯ ಬಳಿ ಸಂಜೆಯಾದರೂ ಹೊರಡಲು ಒಪ್ಪಲಿಲ್ಲ. ಉದ್ಯಾನದಲ್ಲಿ ಎಲ್ಲವನ್ನೂ ಬೇರೆಯವರು ಮುಗಿಸಿಟ್ಟಿದ್ದಾರೆ. ಹಾಳಿನಲ್ಲಿ ಇಲ್ಲಿ ಏನಿತ್ತು, ಯಾರಿದ್ದರು ಎಂದು ನಾವೇ ಕಟ್ಟಿಕೊಳ್ಳಬೇಕು. ಫಾಲ್‌ಔಟ್‌ನ ಸೊಗಸೂ ಇದೇ. ಒಂದು ಕುಸಿದ ಮನೆಯೊಳಗೆ ಹೊಕ್ಕರೆ ಮಂಚದ ಮೇಲೆ ಎರಡು ಅಸ್ಥಿಪಂಜರ, ಪಕ್ಕದಲ್ಲಿ ಮಗುವಿನ ಆಟಿಕೆ. ಯಾರೂ ಕಥೆ ಹೇಳುವುದಿಲ್ಲ. ನೋಡಿದವರೇ ಹೇಳಿಕೊಳ್ಳಬೇಕು.

ಇನ್ನೊಂದು ಆಕರ್ಷಣೆ ಸಾಮಾನುಗಳದು. ಈ ಜಗತ್ತಿನಲ್ಲಿ ರೂಪಾಯಿ ಡಾಲರುಗಳಿಲ್ಲ, ಸೋಡಾ ಬಾಟಲಿಯ ಮುಚ್ಚಳವೇ ನಾಣ್ಯ. ಕಸವೆಂದು ಬಿಟ್ಟದ್ದೆಲ್ಲ ಇಲ್ಲಿ ಬೆಲೆಬಾಳುತ್ತದೆ. ಆದರೆ ಹೊರುವ ಭಾರಕ್ಕೆ ಮಿತಿಯಿದೆ. ಮಿತಿ ಮೀರಿದರೆ ಓಡಲಾಗದು, ಕಾಲೆಳೆಯುತ್ತ ನಡೆಯಬೇಕು. ಆದ್ದರಿಂದ ಹೆಜ್ಜೆಹೆಜ್ಜೆಗೂ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕ. ಒಂದು ಟ್ರಂಕು ಒಂದು ಹಾಸಿಗೆ ಸುರುಳಿಯೊಂದಿಗೆ ಪುಣೆಯ ನಿಲ್ದಾಣದಲ್ಲಿ ಇಳಿದ ನಮ್ಮ ಸಂಘದ ಎಷ್ಟೋ ಬಂಧುಗಳಿಗೆ ಈ ಲೆಕ್ಕ ಆಟವಲ್ಲ. ಬೀಸುವ ಕಲ್ಲನ್ನು ಬಿಟ್ಟು ಬಂದವರೂ ಇದ್ದಾರೆ, ಹೊತ್ತು ತಂದವರೂ ಇದ್ದಾರೆ.

ಈಗ ನಮಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿ. ಈ ಆಟ 2008ರಲ್ಲಿ ಭಾರತಕ್ಕೆ ಬರಲಿಲ್ಲ. ದೇಶದ ಸಾಂಸ್ಕೃತಿಕ ಸೂಕ್ಷ್ಮತೆಗಳನ್ನು ಗಮನಿಸಿ ಇದನ್ನು ಇಲ್ಲಿ ಬಿಡುಗಡೆ ಮಾಡುವುದಿಲ್ಲವೆಂದು ಮೈಕ್ರೋಸಾಫ್ಟ್ ಕಂಪನಿ ಆಗ ಪ್ರಕಟಿಸಿತು. ಯಾವ ಸೂಕ್ಷ್ಮತೆ ಎಂದು ಬಿಡಿಸಿ ಹೇಳಲಿಲ್ಲ. ಬಹಳ ಜನ ಊಹಿಸಿದ್ದು ಆಟದಲ್ಲಿ ಬರುವ ಎರಡು ತಲೆಯ ದನವನ್ನು. ವಿಕಿರಣದಿಂದ ರೂಪಗೆಟ್ಟ ಆ ದನಕ್ಕೆ ಆಟದಲ್ಲಿರುವ ಹೆಸರು ‘ಬ್ರಾಹ್ಮಿನ್’. ಹೆಸರು ಕೇಳಿ ನಮಗೂ ಮೊದಲು ಕಸಿವಿಸಿಯಾಯಿತು. ಆದರೆ ಅಮೆರಿಕದಲ್ಲಿ ‘ಬ್ರಾಹ್ಮನ್’ ಎಂಬ ಹೆಸರಿನ ನಿಜವಾದ ದನದ ತಳಿಯೇ ಇದೆ. ಭಾರತದಿಂದ ಹೋದ ಡುಬ್ಬದ ದನಗಳಿಂದ ಬೆಳೆಸಿದ ತಳಿ ಅದು. ಗಿರ್, ಗುಜರಾತಿನ ಕಾಂಕ್ರೇಜ್, ಆಂಧ್ರದ ಒಂಗೋಲು, ಇವುಗಳ ಜೊತೆಗೆ ನಾಲ್ಕನೆಯದಾಗಿ ಹೇಳುವ ಹೆಸರು ಕೃಷ್ಣಾ ವ್ಯಾಲಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರಗಳ ಎರೆ ಹೊಲದಲ್ಲಿ ನೇಗಿಲೆಳೆದ ನಮ್ಮದೇ ದನ! ಹೊಳೆಯ ದಂಡೆಯಿಂದ ಹಡಗು ಹತ್ತಿ ಹೋಗಿ, ಅಮೆರಿಕದಲ್ಲಿ ಹೆಸರು ಬದಲಿಸಿಕೊಂಡು, ಕಲ್ಪನೆಯ ಅಣುಯುದ್ಧದಲ್ಲಿ ಎರಡು ತಲೆ ಪಡೆದು, ಕೊನೆಗೆ ಸಾಸವಡದ ನಮ್ಮ ಮನೆಯ ಪರದೆಯ ಮೇಲೆ ಬಂದು ನಿಂತಿತು. ಇದರಲ್ಲಿ ಅವಮಾನಕ್ಕಿಂತ ವಿಚಿತ್ರವಾದ ನಂಟಸ್ತಿಕೆಯೇ ನಮಗೆ ಹೆಚ್ಚಾಗಿ ಕಂಡಿತು.

ಅವರು ನಮ್ಮಿಂದ ತೆಗೆದುಕೊಂಡ ಇನ್ನೊಂದು ಶಬ್ದದ ಬಗ್ಗೆ ಮಾತ್ರ ನಮಗೆ ನಿಜವಾದ ತಕರಾರಿದೆ. ಆ ಶಬ್ದ ‘ಕರ್ಮ’. ಆಟದಲ್ಲಿ ಒಳ್ಳೆಯದು ಮಾಡಿದರೆ ಕರ್ಮದ ಅಂಕ ಏರುತ್ತದೆ, ಕೆಟ್ಟದ್ದು ಮಾಡಿದರೆ ಇಳಿಯುತ್ತದೆ. ಮೆಗಾಟನ್ ಎಂಬ ಒಂದು ಊರಿದೆ. ಸಿಡಿಯದೆ ಬಿದ್ದ ಅಣುಬಾಂಬಿನ ಸುತ್ತಲೇ ಬಡವರು ತಗಡು ಜೋಡಿಸಿ ಕಟ್ಟಿಕೊಂಡ ಊರು. ಆಟಗಾರನು ಆ ಬಾಂಬನ್ನು ನಿಷ್ಕ್ರಿಯಗೊಳಿಸಬಹುದು. ಅಥವಾ ದೂರದ ಗೋಪುರದ ಶ್ರೀಮಂತನೊಬ್ಬನ ನೋಟಕ್ಕೆ ಈ ಊರು ಹಿತವಲ್ಲವೆಂಬ ಕಾರಣಕ್ಕೆ, ಹಣ ಪಡೆದು ಅದನ್ನು ಸಿಡಿಸಲೂಬಹುದು. ಸಿಡಿಸಿದರೆ ಕರ್ಮದಲ್ಲಿ ಒಂದು ಸಾವಿರ ಅಂಕ ಕಡಿತ. ಇನ್ನೊಂದು ಊರಿನ ಬಾಗಿಲಲ್ಲಿ ಭಿಕ್ಷುಕನೊಬ್ಬ ಕುಡಿಯುವ ನೀರು ಬೇಡುತ್ತ ಕುಳಿತಿರುತ್ತಾನೆ. ಅವನಿಗೊಂದು ಬಾಟಲಿ ಶುದ್ಧ ನೀರು ಕೊಟ್ಟರೆ ಐವತ್ತು ಅಂಕ ಜಮಾ. ಗುಮಾಸ್ತನ ಬುದ್ಧಿ ಸುಮ್ಮನಿದ್ದೀತೇ? ಲೆಕ್ಕ ಹಾಕಿದೆವು. ಇಪ್ಪತ್ತು ಬಾಟಲಿ ನೀರಿಗೆ ಒಂದು ಊರು ಸರಿಹೋಯಿತು! ಯಾವ ಆಡಿಟರೂ ಒಪ್ಪದ ಈ ಖಾತೆಗೆ ಕರ್ಮವೆಂಬ ಹೆಸರೇಕೆ? ಮಾಡಿದ್ದು ಕಳೆಯುವುದಿಲ್ಲ ಎಂಬುದಕ್ಕೇ ನಮ್ಮ ಹಿರಿಯರು ಆ ಮಾತನ್ನು ಬಳಸಿದ್ದು. ದನದ ಹೆಸರಿಗೆ ಹಿಂಜರಿದವರು ಈ ಶಬ್ದವನ್ನು ಕಂಡು ಹಿಂಜರಿದಿದ್ದರೆ ಹೆಚ್ಚು ಅರ್ಥವಿರುತ್ತಿತ್ತು.

ಜಪಾನಿನ ಆವೃತ್ತಿಯಲ್ಲಿ ಮೆಗಾಟನ್ನನ್ನು ಸಿಡಿಸುವ ಅವಕಾಶವನ್ನೇ ತೆಗೆದುಹಾಕಿದರು. ಅದಕ್ಕೆ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ. ಒಮ್ಮೆ ಊರು ಕಳೆದುಕೊಂಡವರಿಗೆ ಅದು ತಮಾಷೆಯಾಗಿ ಕಾಣುವುದಿಲ್ಲ.

ನಮ್ಮ ಮಗ ಸಿಡಿಸಿದ. ಒಂದು ಭಾನುವಾರ ಮಧ್ಯಾಹ್ನ, ನಾವು ಪಕ್ಕದಲ್ಲಿ ಕುಳಿತಿದ್ದಂತೆಯೇ, ಗೋಪುರದ ಮೇಲೆ ನಿಂತು ಗುಂಡಿಯೊತ್ತಿದ. ದೂರದಲ್ಲಿ ಬೆಳಕು, ಅಣಬೆಯಂಥ ಮೋಡ, ಆಮೇಲೆ ಗಾಳಿಯ ಸದ್ದು. “ಇದೇನಪ್ಪಾ ಮಾಡಿದಿ!” ಎಂದೆವು. “ಹೆದರಬ್ಯಾಡ್ರಿ, ಮೊದಲs ಸೇವ್ ಮಾಡೇನಿ” ಎಂದು ನಕ್ಕು ಹಳೆಯ ಹಂತವನ್ನು ಮತ್ತೆ ತೆರೆದ. ಊರು ಇದ್ದಲ್ಲೇ ಇತ್ತು. ತಗಡಿನ ಬಾಗಿಲು, ಅಂಗಡಿ, ಜನ, ಎಲ್ಲ ಹಾಗೆಯೇ.

ನಾವು ಎದ್ದು ಗಚ್ಚಿಗೆ ಹೋದೆವು. ಸ್ವಲ್ಪ ಹೊತ್ತಿನ ಮೇಲೆ ಮಗ ಹಿಂದೆಯೇ ಬಂದು, “ಸಿಟ್ಟು ಬಂತೇನ್ರಿ?” ಎಂದು ಕೇಳಿದ. ಆಗ ಅವನಿಗೆ ಹದಿನೇಳು ವರ್ಷ ಹೇಳದೆ ಉಳಿದಿದ್ದ ಮಾತನ್ನು ಹೇಳಿದೆವು.

ನಮ್ಮ ಮನೆಯಿದ್ದದ್ದು ಹಳೇ ಬಾಗಲಕೋಟೆಯಲ್ಲಿ, ಘಟಪ್ರಭೆಯ ಕಡೆಯ ಓಣಿಯಲ್ಲಿ. ಆಲಮಟ್ಟಿಯ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲಿಟ್ಟಂದಿನಿಂದ ಊರು ಮುಳುಗುತ್ತದೆ ಎಂಬ ಮಾತು ಇದ್ದೇ ಇತ್ತು. ನಾವು ಹುಟ್ಟಿದ್ದು, ಶಾಲೆಗೆ ಹೋದದ್ದು, ಹೋಳಿಯ ಬಣ್ಣದ ಬಂಡಿಯ ಹಿಂದೆ ಓಡಿದ್ದು, ಎಲ್ಲ ಆ ಮಾತಿನ ಕೆಳಗೇ. 2000ದಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲಿಸಲು ಸರ್ವೋಚ್ಚ ನ್ಯಾಯಾಲಯದ ಅನುಮತಿ ದೊರೆಯಿತು. ನಾವಾಗ ಬಿ.ಎಸ್ಸಿ. ವಿದ್ಯಾರ್ಥಿ. ಪರಿಹಾರ ಪಡೆದವರು ಒಬ್ಬೊಬ್ಬರಾಗಿ ತಮ್ಮ ಮನೆಯನ್ನು ತಾವೇ ಬಿಚ್ಚತೊಡಗಿದರು. ತೊಲೆ, ಜಂತಿ, ಕಿಟಕಿಯ ಸರಳು, ಮೆಟ್ಟಿಲ ಕಲ್ಲು. ನಮ್ಮ ತಂದೆಯವರು ಸಾಗವಾನಿಯ ತಲಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಚಕ್ಕಡಿಯಲ್ಲಿ ನವನಗರಕ್ಕೆ ಸಾಗಿಸಿದರು. ಅಲ್ಲಿನ್ನೂ ಮನೆ ಕಟ್ಟಿರಲಿಲ್ಲ. ಮೊದಲು ಬಾಗಿಲು ಬಂತು, ಅದರ ಅಳತೆಗೆ ತಕ್ಕಂತೆ ಆಮೇಲೆ ಮನೆ ಬಂತು. ಆ ಮನೆ ಪೂರ್ತಿಯಾಗುವ ಮೊದಲೇ ನಾವು ನೌಕರಿ ಹಿಡಿದು ಪುಣೆಗೆ ಬಂದೆವು. ಮುಳುಗಿದ ಊರಿನಿಂದ ಬಂದವರೆಂದು ಇಲ್ಲಿ ಯಾರಿಗೂ ಹೇಳಿಕೊಳ್ಳಲಿಲ್ಲ. ಬಾಗಲಕೋಟೆ ಎಂದಷ್ಟೇ ಹೇಳಿದೆವು.

ಮಗ ಆ ದಿನ ಮತ್ತೆ ಆಟ ತೆರೆಯಲಿಲ್ಲ. ಮರುದಿನ ತೆರೆದ, ಹುಡುಗನಲ್ಲವೇ!

ಈಗ ದೋಷಗಳ ಮಾತು. ನಮ್ಮ ಮನೆಯವರು ಒಮ್ಮೆ ಚಹಾ ತಂದವರು ಪರದೆಯನ್ನು ನೋಡಿ, “ಅಲ್ರೀ, ಇನ್ನೂರು ವರ್ಷದಾಗ ಒಬ್ಬಾಕಿನೂ ಕಸಾ ಹೊಡದಿಲ್ಲೇನು?” ಎಂದರು. ಯಾವ ವಿಮರ್ಶಕರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಜನ ವಾಸಿಸುವ ಮನೆಗಳಲ್ಲೂ ಇಟ್ಟಿಗೆಯ ಚೂರು ಹಾಗೇ ಬಿದ್ದಿವೆ. ಅಂಗಡಿಯ ಕಪಾಟಿನಲ್ಲಿ ಇನ್ನೂರು ವರ್ಷದ ಹಳೆಯ ತಿನಿಸು ಕೂತಿದೆ. ನಿಜವಾಗಿ ನೆಲೆ ತಪ್ಪಿದವರು ಮೊದಲು ಮಾಡುವ ಕೆಲಸವೆಂದರೆ ಗುಡಿಸುವುದು, ಬಾಗಿಲಿಗೆ ನೀರು ಹಾಕುವುದು, ಒಂದು ಒಲೆ ಹೂಡುವುದು. ನವನಗರದಲ್ಲಿ ಗೋಡೆಯೇಳುವ ಮೊದಲೇ ಹೊಸ್ತಿಲಿಗೆ ರಂಗೋಲಿ ಬಿದ್ದದ್ದನ್ನು ನಾವು ಕಂಡಿದ್ದೇವೆ. ತಯಾರಕರಿಗೆ ಹಾಳಿನ ಚಿತ್ರ ಬೇಕಾಗಿತ್ತು, ಬದುಕುವವರ ಅಭ್ಯಾಸ ಬೇಕಾಗಿರಲಿಲ್ಲ. ಮುಂದೆ 2015ರ ‘ಫಾಲ್‌ಔಟ್ 4’ರಲ್ಲಿ ಆಟಗಾರನು ಕಸದಿಂದಲೇ ಊರು ಕಟ್ಟುವ ವ್ಯವಸ್ಥೆ ಮಾಡಿದರೆಂದು ಮಗ ಹೇಳುತ್ತಾನೆ. ಒಳ್ಳೆಯದಾಯಿತು.

ಎರಡನೆಯ ದೋಷ ಮುಕ್ತಾಯದ್ದು. ತಂದೆ ಮನೆ ಬಿಟ್ಟದ್ದೇಕೆಂದರೆ, ವಿಷವಾದ ನದಿಯ ನೀರನ್ನು ಎಲ್ಲರಿಗೂ ಕುಡಿಯುವಂತೆ ಶುದ್ಧಮಾಡುವ, ತಾನು ಹೆಂಡತಿಯೊಡನೆ ಆರಂಭಿಸಿ ಅರ್ಧಕ್ಕೆ ಬಿಟ್ಟ ಯಂತ್ರವನ್ನು ಪೂರ್ತಿಗೊಳಿಸಲು. ಆ ಪ್ರಯತ್ನದಲ್ಲಿ ಅವನು ಸಾಯುತ್ತಾನೆ. ಕೊನೆಗೆ ಯಂತ್ರ ಚಾಲೂ ಮಾಡಲು ವಿಕಿರಣ ತುಂಬಿದ ಕೋಣೆಗೆ ಒಬ್ಬರು ಹೋಗಿ ಪ್ರಾಣ ಕೊಡಬೇಕು. ವಿಕಿರಣ ತಾಗದ ಫಾಕ್ಸ್ ಎಂಬ ಸಂಗಾತಿ ಪಕ್ಕದಲ್ಲೇ ನಿಂತಿದ್ದರೂ, ಇದು ನಿನ್ನ ವಿಧಿ ಎಂಬರ್ಥದ ಮಾತಾಡಿ ಅವನು ಹಿಂದೆ ಸರಿಯುತ್ತಾನೆ. ಇದೇ ಫಾಕ್ಸ್ ಮೊದಲೊಮ್ಮೆ ನಮಗಾಗಿ ಅಂಥದೇ ಕೋಣೆಗೆ ಹೋಗಿ ಬಂದವನು! ಆಟಗಾರರು ದೂರಿದ ಮೇಲೆ 2009ರಲ್ಲಿ ಹೆಚ್ಚುವರಿ ಭಾಗವೊಂದನ್ನು ತಂದು ಇದನ್ನು ತಿದ್ದಿದರು. ಕಥೆಗಾರನು ಕಣ್ಣೀರಿಗಾಗಿ ತರ್ಕವನ್ನು ಬಲಿಗೊಟ್ಟರೆ ಹೀಗಾಗುತ್ತದೆ.

ಆದರೂ ನೀರನ್ನು ನಡುವೆ ಇಟ್ಟದ್ದಕ್ಕೆ ಅವರನ್ನು ಮೆಚ್ಚಬೇಕು. 1997ರ ಮೊದಲ ಆಟ ಕೂಡ ಕೋಠಿಯ ನೀರಿನ ಯಂತ್ರದ ಬಿಡಿಭಾಗವೊಂದು ಕೆಟ್ಟುಹೋಗಿ, ನೂರೈವತ್ತು ದಿನಗಳಲ್ಲಿ ಬೇರೊಂದನ್ನು ಹುಡುಕಿ ತರಬೇಕಾಗುವಲ್ಲಿಂದ ಆರಂಭವಾಗುತ್ತದೆ. ಕರ್ಹಾ ನದಿಯ ಪಾತ್ರ ಬೇಸಿಗೆಯಲ್ಲಿ ಒಣಗುವುದನ್ನೂ, ಪುರಂದರ ತಾಲೂಕಿನ ವಾಡಿಗಳಿಗೆ ಟ್ಯಾಂಕರ್ ಹೋಗುವುದನ್ನೂ ಕಂಡವರಿಗೆ ಇದು ಕಟ್ಟುಕಥೆಯೆನಿಸುವುದಿಲ್ಲ. ನೀರಿಲ್ಲದೆ ಹಾಳಾದ ಊರುಗಳ ನಡುವೆ ಕುಳಿತು, ನೀರು ತುಂಬಿ ಹಾಳಾದ ಊರಿನವರಾದ ನಾವು ಈ ಆಟ ನೋಡಿದೆವು.

ಹಾಗಾದರೆ ನಮ್ಮ ಒಟ್ಟು ಅಭಿಪ್ರಾಯವೇನು? ಈ ಆಟದ ಸೆಳೆತ ಆರಂಭವಾಗುವುದು ಗೌಡಿಕೆಯಿಂದ. ಎಲ್ಲರೂ ಹೋದ ಮೇಲೆ ಉಳಿದವನು ನಾನು, ಎಲ್ಲವೂ ನನ್ನದು, ಕೇಳುವವರಿಲ್ಲ. ಅಷ್ಟಕ್ಕೇ ನಿಂತಿದ್ದರೆ ಇದು ಗಾದೆಯ ಮೀಸೆ ತಿರುವುವವನ ಆಟವಾಗುತ್ತಿತ್ತು. ಆದರೆ ಬಾಗಿಲಲ್ಲಿ ಕುಳಿತ ಭಿಕ್ಷುಕನಿಗೆ ನೀರು ಕೊಡಬೇಕೋ ಬೇಡವೋ ಎಂದು ಕೈ ತಡೆಯುವಲ್ಲಿ, ಗೌಡ ಹೋಗಿ ನೆರೆಯವನು ಬರುತ್ತಾನೆ. ಆಟದ ಒಳ್ಳೆಯ ಭಾಗಗಳೆಲ್ಲ ಅಲ್ಲಿವೆ. ಅದರಲ್ಲಿ ಇಲ್ಲದ್ದು ಒಂದೇ. ಆ ಹಾಳಿನಲ್ಲಿ ಚೀಟಿ ಸಿಗುತ್ತದೆ, ಹಳೆಯ ಕಂಪ್ಯೂಟರಿನಲ್ಲಿ ಬರೆದಿಟ್ಟ ದಿನಚರಿ ಸಿಗುತ್ತದೆ. ಕುಸಿದ ಮನೆಯ ಮುಂದೆ ನಿಂತು “ಇದು ಯಾರದು?” ಎಂದರೆ ಹೇಳಬಲ್ಲ ಮುದುಕರು ಸಿಗುವುದು ಅಪರೂಪ. ಇನ್ನೂರು ವರ್ಷ ಕಳೆದಿದೆ. ನಮ್ಮ ಹಾಳೂರಿಗೆ ಇಪ್ಪತ್ತೈದೂ ಆಗಿರಲಿಕ್ಕಿಲ್ಲ. ಕೇಳಿದರೆ ಹೇಳುವವರು ಇನ್ನೂ ಇದ್ದಾರೆ.

ದೀಪಾವಳಿಗೆ ಊರಿಗೆ ಹೋದಾಗ ಹಿನ್ನೀರು ತುಂಬಿತ್ತು. ಮಗ ದಂಡೆಯ ಮೇಲೆ ನಿಂತು ನಮ್ಮ ಮನೆ ಯಾವ ಕಡೆ ಇತ್ತೆಂದು ಕೇಳಿದ. ಕೈಮಾಡಿ ತೋರಿಸಿದೆವು. ತೋರಿಸಿದ ದಿಕ್ಕು ಸರಿಯೋ ತಪ್ಪೋ ನಮಗೇ ಖಾತ್ರಿಯಿರಲಿಲ್ಲ. ನವನಗರದ ಮನೆಗೆ ಬಂದ ಮೇಲೆ ಅವನು ತಲಬಾಗಿಲ ಚೌಕಟ್ಟಿನ ಮುಂದೆ ಬಹಳ ಹೊತ್ತು ನಿಂತ. ಮೇಲ್ಗಡೆ ತೋರಣದ ಮೊಳೆಗಳ ತೂತುಗಳು ಸಾಲಾಗಿವೆ. “ಮುತ್ಯಾ, ಇಷ್ಟೊಂದು ಮೊಳೆ ಯಾರು ಹೊಡದ್ರಿ?” ಎಂದು ಕೇಳಿದ. ನಮ್ಮ ತಂದೆಯವರು ಕೋಲೂರಿಕೊಂಡು ಎದ್ದು ಬಂದು, ಒಂದೊಂದು ತೂತಿನ ಮೇಲೂ ಬೆರಳಿಟ್ಟು ಇದು ಇಂಥವರ ಮದುವೆಯದು, ಇದು ನಿಮ್ಮಪ್ಪನ ಜವಳದ್ದು ಎಂದು ಹೇಳತೊಡಗಿದರು. ಊಟಕ್ಕೆ ಕರೆದರೂ ಇಬ್ಬರೂ ಬರಲಿಲ್ಲ.

ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳು ಈ ಆಟ ಆಡುತ್ತಿದ್ದರೆ ಒಂದೆರಡು ಭಾನುವಾರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ರಕ್ತಪಾತ ಧಾರಾಳವಾಗಿದೆ, ಚಿಕ್ಕವರಿಗೆ ಸಲ್ಲದು. ದೊಡ್ಡ ಮಕ್ಕಳಿಗೆ ಅಡ್ಡಿಯಿಲ್ಲ. ಕುಳಿತವರಿಗೆ ಮಕ್ಕಳು ಏನಾದರೂ ಕೇಳಿಯೇ ಕೇಳುತ್ತಾರೆ. ಆಗ ಉತ್ತರ ಹೇಳುವುದಕ್ಕೆ ಸಿದ್ಧರಾಗಿರಿ.